ವಿದ್ಯುತ್ ರೀಡ್ ಆರ್ಗನ್ನಿನ ಧ್ವನಿಮುದ್ರಣ ಮತ್ತು ಅದರ ಹೊಟ್ಟೆಯೊಳಗಿನ ಮೋಟರು

ಎರಡನೆಯ ಮಹಾಯುದ್ಧದ ನಂತರದ ಎರಡು ಮೂರು ದಶಕಗಳಲ್ಲಿ ಅಮೆರಿಕದ ಮತ್ತು ಇಟಲಿಯ ಕಾರ್ಖಾನೆಗಳು ಮಧ್ಯಮವರ್ಗದ ಮನೆಗಳಿಗೆಂದು ತಯಾರಿಸಿದ ಪುಟ್ಟ ವಿದ್ಯುತ್ ರೀಡ್ ಆರ್ಗನ್‌ಗಳಲ್ಲಿ ವಿದ್ಯುತ್ತಿಗೂ ಸ್ವರಕ್ಕೂ ನೇರ ಸಂಬಂಧವೇನೂ ಇಲ್ಲ. ಸ್ವರ ಹುಟ್ಟುವುದು ನಮ್ಮ ಹಾರ್ಮೋನಿಯಮ್ಮಿನಲ್ಲಿ ಹುಟ್ಟುವ ರೀತಿಯಲ್ಲೇ, ಅಂದರೆ ಒಂದು ತುದಿಯನ್ನು ಬಿಗಿದು ಇನ್ನೊಂದು ತುದಿಯನ್ನು ಸೀಳಿನ ಮೇಲೆ ಸಡಿಲವಾಗಿ ಬಿಟ್ಟ, ರೀಡ್ ಎಂದು ಕರೆಯುವ ನಾಲಗೆಯನ್ನು ಗಾಳಿ ಹಾಯ್ದು ಅಲುಗಿಸಿದಾಗ. ತಿದಿಯೊತ್ತುವ ಕೈಯ ಕೆಲಸವನ್ನು ಇಲ್ಲಿ ಒಂದು ಮೋಟರು ಮತ್ತು ಅದರ ದಂಡಕ್ಕೆ ಸಿಕ್ಕಿಸಿದ ಫ್ಯಾನು ವಹಿಸಿಕೊಂಡಿರುತ್ತವೆ, ಅಷ್ಟೆ. 1950ರಲ್ಲಿ ಹ್ಯಾಮಂಡ್ ಕಂಪನಿ ಹೊರತಂದ ಕಾರ್ಡ್ ಆರ್ಗನ್ (ಕಾರ್ಡ್ ಎಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಇದಕ್ಕಿಂತ ಪೂರ್ತಿ ಬೇರೆ ಜಾತಿಯದು. ಅದರಲ್ಲಿ ರೀಡುಗಳೇ ಇಲ್ಲ, ಹಳೆಯ ರೇಡಿಯೋಗಳಲ್ಲಿದ್ದಂಥ ವಾಲ್ವ್‌ಗಳು ಸ್ವರವನ್ನು ಹುಟ್ಟಿಸುತ್ತವೆ, ಆದ್ದರಿಂದ ಈ ಬರಹದಲ್ಲಿ ಹೇಳಹೊರಟಿರುವ ತೊಂದರೆ, ಅಂದರೆ ಧ್ವನಿಮುದ್ರಣದಲ್ಲಿ ಮೋಟರಿನ ಸದ್ದು ಸೇರಿಕೊಳ್ಳುವುದು, ಅದಕ್ಕೆ ಬರುವುದಿಲ್ಲ. ಹೆಸರಿನಲ್ಲಿ ಹೋಲಿಕೆ ಇರುವುದರಿಂದ ಹಳೆಯ ಸಾಮಾನು ಕೊಳ್ಳುವವರು ಇವೆರಡನ್ನೂ ಒಂದೇ ಎಂದುಕೊಳ್ಳುವುದುಂಟು.

ನನ್ನ ಬಳಿ ಇರುವುದು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಲಿಂಡನ್ ಪಟ್ಟಣದಲ್ಲಿ ತಯಾರಾದ ಮ್ಯಾಗ್ನಸ್ ಕಾರ್ಡ್ ಆರ್ಗನ್. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಫಿನ್ ಮ್ಯಾಗ್ನಸ್ ಎಂಬಾತ ಮೊದಲು ಪ್ಲಾಸ್ಟಿಕ್ಕಿನ ಮೌತ್ ಆರ್ಗನ್‌ಗಳನ್ನು ಅಚ್ಚುಹಾಕಿ ಮಾರಿದವನು. ಅದೇ ಕೌಶಲವನ್ನು ಬೆಳೆಸಿ, ಬಲಗೈಗೆ ಒತ್ತುವ ಮನೆಗಳೂ (ಕೀಲಿಗಳು) ಎಡಗೈಗೆ ಕಾರ್ಡ್‌ಗಳ ಗುಂಡಿಗಳೂ ಇರುವ ಈ ವಾದ್ಯಗಳನ್ನು ತಯಾರಿಸಿದನು. ಸ್ವರಲಿಪಿ ಬಾರದವರೂ ನುಡಿಸಲೆಂದು ಮನೆಗಳಿಗೆ ಅಂಕೆಗಳನ್ನು ಕೊಟ್ಟು, ಅಂಕೆಗಳಲ್ಲೇ ಹಾಡುಗಳನ್ನು ಬರೆದ ಪುಸ್ತಕಗಳನ್ನೂ ಕಂಪನಿ ಹಂಚಿತು. ನಾನು ನ್ಯೂಜೆರ್ಸಿಯಲ್ಲೇ ವಾಸವಾಗಿರುವುದರಿಂದ ಇಂಥವು ಹಳೆಯ ಸಾಮಾನಿನ ಅಂಗಡಿಗಳಲ್ಲಿ ಆಗಾಗ ಕಣ್ಣಿಗೆ ಬೀಳುತ್ತವೆ. ಕಾರ್ಡ್‌ಗಳ ಗುಂಡಿಗಳಿಂದ ನನಗೆ ಪ್ರಯೋಜನವಿಲ್ಲ. ದೇವರನಾಮಗಳನ್ನು ಹಾಡಿ ಮುದ್ರಿಸಿಕೊಳ್ಳುವಾಗ ಷಡ್ಜ ಪಂಚಮಗಳೆರಡನ್ನೂ ಒತ್ತಿಹಿಡಿದು ಶ್ರುತಿಯಾಗಿ ಬಳಸುವುದಕ್ಕೆ ಈ ವಾದ್ಯದ ತೆಳುವಾದ, ಸ್ವಲ್ಪ ಮೂಗಿನಿಂದ ಬಂದಂತಿರುವ ನಾದ ನನಗೆ ಇಷ್ಟವಾಯಿತು.

ಶ್ರುತಿಗೆಂದು ಬಳಸುವಾಗಲೇ ಮೋಟರಿನ ಸದ್ದು ಅತಿ ಹೆಚ್ಚು ಕಾಡುತ್ತದೆ ಎಂಬುದನ್ನು ಇಲ್ಲಿ ವಿವರವಾಗಿ ಹೇಳಬೇಕು. ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಆವರ್ತನಗಳದ್ದು. ಮೋಟರಿನ ಕಬ್ಬಿಣದ ತಿರುಳನ್ನು ಎಳೆಯುವ ಕಾಂತಬಲ ಪ್ರತಿ ಆವರ್ತನದಲ್ಲೂ ಎರಡು ಬಾರಿ ಏರಿಳಿಯುವುದರಿಂದ ಗುಂಯ್ ಎನ್ನುವ ಸದ್ದು ಮುಖ್ಯವಾಗಿ ಸೆಕೆಂಡಿಗೆ 120 ಕಂಪನಗಳಲ್ಲಿ, ಅಂದರೆ 120 ಹರ್ಟ್ಸ್‌ನಲ್ಲಿಯೂ ಅದರ ಗುಣಕಗಳಾದ 240, 360 ಮೊದಲಾದವುಗಳಲ್ಲಿಯೂ ಇರುತ್ತದೆ. ಏ ಎಂಬ ಸ್ವರವನ್ನು 440ಕ್ಕೆ ಕೂರಿಸಿದ ಕೀಲಿಮಣೆಯಲ್ಲಿ ಆರೂವರೆ ಕಟ್ಟೆಯ (ಕಟ್ಟೆ ಎಂದರೆ ಷಡ್ಜ ಕೀಲಿಮಣೆಯ ಯಾವ ಮನೆ ಎಂಬುದರ ಎಣಿಕೆ) ಮಂದ್ರ ಷಡ್ಜ 116.5 ಹರ್ಟ್ಸ್, ಏಳು ಕಟ್ಟೆಯದು 123.5 ಹರ್ಟ್ಸ್. ಮೋಟರು ಹಾಡುವ 120 ಇವೆರಡರ ಸರಿಯಾಗಿ ನಡುವೆ ಬಂದು ಕೂರುತ್ತದೆ, ಅಂದರೆ ಕೀಲಿಮಣೆಯ ಯಾವ ಮನೆಯನ್ನು ಷಡ್ಜವೆಂದು ಇಟ್ಟುಕೊಂಡರೂ ಈ ಸದ್ದು ಎಲ್ಲಿಯೂ ಹೊಂದಿಕೊಳ್ಳದು. ಒಂದು ಕಟ್ಟೆಯಲ್ಲಿ ಹಾಡುವವರಿಗೆ ಅದು ಷಡ್ಜಕ್ಕಿಂತ ಒಂದೂವರೆ ಮನೆ ಕೆಳಗೆ, ಇಡೀ ಹಾಡಿನ ಉದ್ದಕ್ಕೂ ಬಿಡದೆ ಕೇಳುತ್ತಿರುತ್ತದೆ. ವೇಗವಾದ ಪಾಲ್ಕಾ ನುಡಿಸುವವರಿಗೆ ಇದು ಅಷ್ಟಾಗಿ ಕೇಳಿಸದಿರಬಹುದು. ನಿಂತ ಶ್ರುತಿಯ ಮೇಲೆ ವಿಳಂಬದಲ್ಲಿ ಆಲಾಪನೆ ಮಾಡುವವರಿಗೆ ಶ್ರುತಿ ತಪ್ಪಿದ ಎರಡನೆಯ ತಂಬೂರಿಯೊಂದನ್ನು ಯಾರೋ ಪಕ್ಕದಲ್ಲಿ ಮೀಟುತ್ತಿದ್ದಂತೆಯೇ ಆಗುತ್ತದೆ. ಭಾರತದಲ್ಲಿ ವಿದ್ಯುತ್ತು 50 ಆವರ್ತನಗಳದ್ದಾದ್ದರಿಂದ ಅಲ್ಲಿ ಈ ಗುಂಯ್‌ಕಾರ 100 ಹರ್ಟ್ಸ್‌ಗೆ ಇಳಿದು, ಐದು ಕಟ್ಟೆಯ 98 ಹರ್ಟ್ಸ್‌ಗೆ ಹತ್ತಿರ ಬಂದು, ಸೆಕೆಂಡಿಗೆ ಎರಡು ಬಾರಿ ಅಲೆಯುವ ಹೊಯ್ದಾಟವನ್ನು ಎಬ್ಬಿಸುತ್ತದೆ. ಒಂದು ಕಟ್ಟೆಯ ಗಾಯಕನಿಗೆ ಅದು ಪಂಚಮದ ಹೊಯ್ದಾಟ.

ಮೋಟರಿನ ಸದ್ದು ಎಂದು ಒಂದೇ ಹೆಸರಿನಲ್ಲಿ ಕರೆಯುವುದರಿಂದಲೇ ಅನೇಕರು ಅದಕ್ಕೆ ಒಂದೇ ಮದ್ದನ್ನು ಹುಡುಕುತ್ತಾರೆ ಎಂದು ನನಗನ್ನಿಸುತ್ತದೆ. ವಾಸ್ತವವಾಗಿ ಅದರಲ್ಲಿ ಕನಿಷ್ಠ ಮೂರು ಬೇರೆ ಬೇರೆ ಸದ್ದುಗಳಿವೆ, ಮೂರರ ದಾರಿಯೂ ಬೇರೆ. ಈಗ ಹೇಳಿದ ಕಾಂತೀಯ ಕಂಪನವು ಮೋಟರಿನ ಕಾಲುಗಳ ಮೂಲಕ ಪೆಟ್ಟಿಗೆಗೂ ಪೆಟ್ಟಿಗೆಯಿಂದ ಮೇಜಿಗೂ ಇಳಿದು, ಅಗಲವಾದ ಹಲಗೆಗಳನ್ನು ಸ್ಪೀಕರಿನಂತೆ ಬಳಸಿಕೊಳ್ಳುತ್ತದೆ. ಎರಡನೆಯದು ಫ್ಯಾನಿನದು: ದಂಡ ಸೆಕೆಂಡಿಗೆ ಎಷ್ಟು ಸುತ್ತು ತಿರುಗುತ್ತದೆಯೋ ಅದನ್ನು ಅಲಗುಗಳ ಸಂಖ್ಯೆಯಿಂದ ಗುಣಿಸಿದರೆ ಬರುವ ಆವರ್ತನದಲ್ಲಿ ಒಂದು ಸಿಳ್ಳು ಕೇಳುತ್ತದೆ. ಉದಾಹರಣೆಗೆ ನಿಮಿಷಕ್ಕೆ 3000 ಸುತ್ತು ತಿರುಗುವ, 20 ಅಲಗುಗಳ ಫ್ಯಾನು 1000 ಹರ್ಟ್ಸ್‌ನಲ್ಲಿ ಹಾಡುತ್ತದೆ. ಮೂರನೆಯದು ಗಾಳಿಯದೇ ಸುಯ್ಯೆನ್ನುವ ಸದ್ದು, ಅದು ಗಾಳಿ ಒಳಹೋಗುವ ಬಾಯಿಯಲ್ಲಿಯೂ ಪೆಟ್ಟಿಗೆಯ ಸಂದುಗಳಲ್ಲಿಯೂ ಹುಟ್ಟುತ್ತದೆ. ಇವುಗಳ ಪಾಲು ಎಷ್ಟೆಷ್ಟು ಎಂದು ತಿಳಿಯಲು ಯಂತ್ರಗಳೇನೂ ಬೇಡ. ಆರ್ಗನ್ನನ್ನು ಮೇಜಿನಿಂದ ಎತ್ತಿ ದಪ್ಪ ರಜಾಯಿಯ ಮೇಲಿಟ್ಟಾಗ ಸದ್ದು ಗಣನೀಯವಾಗಿ ಇಳಿದರೆ ಮೊದಲನೆಯದರ ಪಾಲು ದೊಡ್ಡದು. ಗಾಳಿಯ ಬಾಯಿಯ ಮುಂದೆ ಅಂಗೈ ಅಗಲದ ದೂರದಲ್ಲಿ ದಿಂಬನ್ನು ಹಿಡಿದಾಗ ಇಳಿದರೆ ಉಳಿದೆರಡರ ಪಾಲು. ವಾದ್ಯ ಗಾಳಿಯನ್ನು ಊದಿ ನುಡಿಸುವುದೋ ಹೀರಿ ನುಡಿಸುವುದೋ ಎಂಬುದನ್ನೂ ಈಗಲೇ ತಿಳಿದುಕೊಳ್ಳಬೇಕು: ಪೆಟ್ಟಿಗೆಯ ಹಿಂಬದಿಯ ಅಥವಾ ತಳದ ರಂಧ್ರದ ಬಳಿ ತೆಳುವಾದ ಕಾಗದದ ಚೂರೊಂದನ್ನು ಹಿಡಿದರೆ ಅದು ಅಂಟಿಕೊಳ್ಳುವುದೋ ಹಾರಿಹೋಗುವುದೋ ನೋಡಿದರೆ ಸಾಕು.

ಮದ್ದು ಶುರುವಾಗಬೇಕಾದದ್ದು ಸ್ಕ್ರೂ ಡ್ರೈವರಿನಿಂದ. ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತ ಮೇಲೆಯೇ ಪೆಟ್ಟಿಗೆಯನ್ನು ತೆರೆಯಬೇಕು ಎಂದು ಬೇರೆ ಹೇಳಬೇಕಾಗಿಲ್ಲ; ಆದರೆ ಅರವತ್ತು ವರ್ಷದ ಎರಡೆಳೆಯ ತಂತಿಯ ರಬ್ಬರು ಬಗ್ಗಿಸಿದರೆ ಬಿರುಕು ಬಿಡುತ್ತಿದ್ದರೆ ಮೊದಲು ಅದನ್ನು ಬದಲಿಸಿಯೇ ಮುಂದಿನ ಕೆಲಸಕ್ಕೆ ಕೈಹಾಕಬೇಕು. ಒಳಗಿರುವುದು ಸಾಮಾನ್ಯವಾಗಿ ಶೇಡೆಡ್ ಪೋಲ್ ಎಂಬ ಬಗೆಯ ಸರಳ ಮೋಟರು. ಅದಕ್ಕೆ ಕಾರ್ಬನ್ ಬ್ರಷ್ಷುಗಳಿಲ್ಲ, ಕೆಪಾಸಿಟರಿಲ್ಲ, ಹಾಗಾಗಿ ಕೆಡುವುದಕ್ಕೂ ಹೆಚ್ಚೇನಿಲ್ಲ. ದಂಡದ ಎರಡು ಬದಿಗಳಲ್ಲಿರುವ ಕಂಚಿನ ಬೇರಿಂಗುಗಳು ಎಣ್ಣೆ ಕುಡಿದಿದ್ದ ಉಣ್ಣೆಯ ತುಂಡುಗಳಿಂದ ಸುತ್ತುವರಿದಿರುತ್ತವೆ, ಆ ಎಣ್ಣೆ ಇಷ್ಟು ವರ್ಷಗಳಲ್ಲಿ ಒಣಗಿ ಅಂಟಾಗಿರುತ್ತದೆ. ಹಳೆಯದನ್ನು ಒರೆಸಿ ತೆಗೆದು, ಹೊಲಿಗೆ ಯಂತ್ರಕ್ಕೆ ಬಿಡುವಂಥ ತೆಳುವಾದ ಎಣ್ಣೆಯ ಕೆಲವೇ ಹನಿಗಳನ್ನು ಬಿಟ್ಟರೆ ಕಿರುಗುಡುವ ಸದ್ದು ತಕ್ಷಣ ಹೋಗುತ್ತದೆ. ತುಕ್ಕು ಬಿಡಿಸಲು ಸಿಂಪಡಿಸುವ ದ್ರವಗಳು ಇಲ್ಲಿ ಪ್ರಯೋಜನಕ್ಕೆ ಬಾರವು, ಏಕೆಂದರೆ ಅವು ಬೇಗ ಆರಿಹೋಗುತ್ತವೆ, ಉಳಿದಿದ್ದ ಎಣ್ಣೆಯನ್ನೂ ತೊಳೆದುಬಿಡುತ್ತವೆ. ಫ್ಯಾನಿನ ಅಲಗುಗಳ ಮೇಲೆ ದಶಕಗಳ ಧೂಳು ಒಂದೇ ಸಮನಾಗಿ ಕೂತಿರುವುದಿಲ್ಲವಾದ್ದರಿಂದ ಅದು ತೂಕ ತಪ್ಪಿಸಿ ದಂಡವನ್ನು ಅಲುಗಿಸುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಪ್ರತಿ ಅಲಗನ್ನೂ ಶುಚಿಮಾಡಬೇಕು.

ಇಷ್ಟರ ನಂತರವೂ ಅತಿ ದೊಡ್ಡ ಲಾಭ ಬರುವುದು ಮೋಟರಿನ ಕಾಲುಗಳಿಗೆ ಹಾಕಿದ ರಬ್ಬರ್ ಬಿಲ್ಲೆಗಳಿಂದ. ಹೊಸದಾಗಿದ್ದಾಗ ಅವು ಕಂಪನವನ್ನು ತಡೆಯುತ್ತಿದ್ದವು, ಈಗ ಕಲ್ಲಿನಷ್ಟು ಗಟ್ಟಿಯಾಗಿರುತ್ತವೆ. ಅವುಗಳನ್ನು ಮೆತುವಾದ ಹೊಸ ರಬ್ಬರ್ ಅಥವಾ ಸಿಲಿಕೋನ್ ಬಿಲ್ಲೆಗಳಿಂದ ಬದಲಿಸಿ, ಸ್ಕ್ರೂಗಳನ್ನು ಬಿಲ್ಲೆ ಹಿಸುಕಿಹೋಗದಷ್ಟೇ ಬಿಗಿಮಾಡಬೇಕು. ಸ್ಕ್ರೂವಿನ ಲೋಹ ಮೋಟರಿನ ಲೋಹವನ್ನೂ ಪೆಟ್ಟಿಗೆಯನ್ನೂ ಒಟ್ಟಿಗೆ ಮುಟ್ಟಿದರೆ ಬಿಲ್ಲೆ ಇದ್ದೂ ಇಲ್ಲದಂತೆ. ಸಡಿಲವಾದ ತಳದ ಹಲಗೆ, ಜಾಲರಿ, ಕಂಪನಿಯ ಹೆಸರಿನ ತಗಡು ಇವೆಲ್ಲ ಮೋಟರಿನ ಜೊತೆಗೆ ಗಲಗಲ ಎನ್ನುವ ಸಣ್ಣಪುಟ್ಟ ಅಪರಾಧಿಗಳು, ಅವುಗಳ ಅಡಿಗೆ ತೆಳುವಾದ ಉಣ್ಣೆಬಟ್ಟೆಯ ಪಟ್ಟಿ ಸಾಕು.

ಸಂದುಗಳನ್ನು ಮುಚ್ಚುವ ಕೆಲಸಕ್ಕೆ ಜನ ಕೊಡಬೇಕಾದಷ್ಟು ಮಹತ್ವ ಕೊಡುವುದಿಲ್ಲ. ಗಾಳಿಪೆಟ್ಟಿಗೆಯ ಅಂಚಿಗೆ ಹಚ್ಚಿದ ಫೋಮ್ ಪುಡಿಯಾಗಿದ್ದರೆ, ಮನೆಗಳ ಕೆಳಗಿನ ಮುಚ್ಚಳಗಳ ಮೆತ್ತೆ ಸವೆದಿದ್ದರೆ, ಯಾವ ಮನೆಯನ್ನೂ ಒತ್ತದಿದ್ದಾಗಲೂ ಗಾಳಿ ಸೋರುತ್ತಲೇ ಇರುತ್ತದೆ. ಆ ಸೋರಿಕೆ ತಾನೇ ಸದ್ದು ಮಾಡುವುದಲ್ಲದೆ ರೀಡುಗಳಿಗೆ ತಲುಪಬೇಕಾದ ಒತ್ತಡವನ್ನೂ ಕದಿಯುತ್ತದೆ. ಸೋರಿಕೆ ನಿಂತರೆ ಅದೇ ರೀಡು ಹೆಚ್ಚು ಗಟ್ಟಿಯಾಗಿ ನುಡಿಯುತ್ತದೆ, ಆಗ ಮೋಟರಿನ ಸದ್ದು ಇಳಿಯದಿದ್ದರೂ ಸ್ವರಕ್ಕೆ ಹೋಲಿಸಿದರೆ ಚಿಕ್ಕದಾಗುತ್ತದೆ. ಧ್ವನಿಮುದ್ರಣದಲ್ಲಿ ಲೆಕ್ಕಕ್ಕೆ ಬರುವುದು ಆ ಹೋಲಿಕೆಯೇ.

ಮೋಟರಿನ ವೇಗವನ್ನೇ ತಗ್ಗಿಸುವ ಉಪಾಯ ಎಲ್ಲರಿಗೂ ಹೊಳೆಯುವಂಥದ್ದು, ಆದರೆ ಅದರ ಲೆಕ್ಕಾಚಾರ ಅಷ್ಟು ಉದಾರವಾಗಿಲ್ಲ. ಫ್ಯಾನು ಕೊಡುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ವೇಗವನ್ನು ಶೇಕಡಾ 15ರಷ್ಟು ಇಳಿಸಿದರೆ ಫ್ಯಾನಿನ ಸದ್ದು ಸುಮಾರು ಮೂರೂವರೆ ಡೆಸಿಬೆಲ್ ಇಳಿಯುತ್ತದೆ, ಆದರೆ ಒತ್ತಡ ಶೇಕಡಾ 28ರಷ್ಟು ಕುಸಿಯುತ್ತದೆ. ರೀಡೂ ಮೆಲ್ಲಗೆ ನುಡಿಯತೊಡಗುವುದರಿಂದ ಗಳಿಸಿದ್ದರಲ್ಲಿ ಒಂದು ಭಾಗ ಕೈಬಿಟ್ಟುಹೋಗುತ್ತದೆ. ಮಂದ್ರದ ದೊಡ್ಡ ರೀಡುಗಳಂತೂ ತಡವರಿಸಿ ಎದ್ದೇಳುತ್ತವೆ. ಸಂದುಗಳನ್ನು ಮುಚ್ಚಿ ಒತ್ತಡ ಮಿಗುವಂತೆ ಮಾಡಿಕೊಂಡ ವಾದ್ಯಕ್ಕೆ ಮಾತ್ರ ಈ ಉಪಾಯ ಒಗ್ಗುತ್ತದೆ. ವೇಗ ಇಳಿಸಲು ದೀಪದ ಡಿಮ್ಮರ್ ಬಳಸಬಾರದು. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿದ ಸೀಲಿಂಗ್ ಫ್ಯಾನು ಕಡಿಮೆ ವೇಗದಲ್ಲಿ ಗುಂಯ್‌ಗುಡುವುದನ್ನು ನಮ್ಮ ಊರುಗಳಲ್ಲಿ ಎಲ್ಲರೂ ಕೇಳಿದ್ದಾರೆ. ಅಲ್ಲಿ ನಡೆಯುವಂತೆಯೇ ಡಿಮ್ಮರ್ ವಿದ್ಯುತ್ತಿನ ಅಲೆಯನ್ನು ಕತ್ತರಿಸಿ ಕೊಡುವುದರಿಂದ 120ರ ಮೇಲಿನ ಗುಣಕಗಳೆಲ್ಲ ಎದ್ದು ಬರುತ್ತವೆ. ಅಲೆಯ ಆಕಾರವನ್ನು ಕೆಡಿಸದೆ ವೋಲ್ಟೇಜನ್ನು ಮಾತ್ರ ಇಳಿಸುವ ವೇರಿಯಾಕ್ ಇಲ್ಲಿ ಸರಿಯಾದ ಸಾಧನ. ಪೂರ್ತಿ ವೋಲ್ಟೇಜಿನಲ್ಲಿ ಮೋಟರನ್ನು ಓಡಿಸಿ, ಆಮೇಲೆ ಇಳಿಸುತ್ತಾ ಬಂದು, ನಿಮಗೆ ಬೇಕಾದ ಅತಿ ತಗ್ಗಿನ ಸ್ವರ ತಡವರಿಸದೆ ಏಳುವ ಜಾಗದಲ್ಲಿ ನಿಲ್ಲಿಸಿ, ವೇರಿಯಾಕಿನ ಮೇಲೆ ಒಂದು ಗುರುತು ಹಾಕಿಡಿ. ಒತ್ತಡ ತಗ್ಗಿದಾಗ ಇಂಥ ರೀಡುಗಳ ಶ್ರುತಿ ಒಂದಿಷ್ಟು ಏರುವ ಸ್ವಭಾವದ್ದಾದ್ದರಿಂದ ಒಂದು ಹಾಡನ್ನು ಪೂರ್ತಿ ಅದೇ ಗುರುತಿನಲ್ಲಿ ಮುದ್ರಿಸಬೇಕು, ಮತ್ತು ಬೇರೆ ವಾದ್ಯಗಳೇ ಆರ್ಗನ್ನಿಗೆ ಶ್ರುತಿ ಸೇರಿಸಿಕೊಳ್ಳಬೇಕು.

ಇಂಥ ಆರ್ಗನ್ನನ್ನು ಊರಿಗೆ ಒಯ್ಯುವವರಿಗೆ ಒಂದು ಮಾತು. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸುತ್ತದೆಯೇ ಹೊರತು ಆವರ್ತನವನ್ನು ಬದಲಿಸುವುದಿಲ್ಲ. 60 ಆವರ್ತನಗಳಿಗೆಂದು ಸುತ್ತಿದ ಮೋಟರು 50ರಲ್ಲಿ ಆರರಲ್ಲಿ ಐದು ಪಾಲು ವೇಗಕ್ಕೆ ಇಳಿಯುತ್ತದೆ, ಗಾಳಿಯ ಒತ್ತಡ ಶೇಕಡಾ 70ರ ಆಸುಪಾಸಿಗೆ ಬರುತ್ತದೆ, ಮತ್ತು 120 ವೋಲ್ಟನ್ನೇ ಕೊಟ್ಟರೆ ತಿರುಳು ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ. ಸುಮಾರು 100 ವೋಲ್ಟ್ ಕೊಟ್ಟು ಓಡಿಸುವುದು ಕ್ಷೇಮ.

ಇದೆಲ್ಲಕ್ಕಿಂತ ಹಳೆಯದೂ ಬಲವಾದದ್ದೂ ಆದ ಪರಿಹಾರವೆಂದರೆ ಮೋಟರನ್ನು ಕೋಣೆಯಿಂದಲೇ ಆಚೆ ಕಳಿಸುವುದು. ಪೈಪ್ ಆರ್ಗನ್ ಇರುವ ಚರ್ಚುಗಳಲ್ಲಿ ಗಾಳಿಯೂದುವ ಯಂತ್ರ ನೆಲಮಾಳಿಗೆಯಲ್ಲೋ ಪಕ್ಕದ ಕೋಣೆಯಲ್ಲೋ ಇದ್ದು, ಕೊಳವೆಯ ಮೂಲಕ ಗಾಳಿ ಮಾತ್ರ ವಾದ್ಯಕ್ಕೆ ಬರುತ್ತದೆ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡಿನ ಸ್ಪೆನ್ಸರ್ ಟರ್ಬೈನ್ ಕಂಪನಿ ಆರ್ಗೋಬ್ಲೋ ಎಂಬ ಹೆಸರಿನಲ್ಲಿ ಇಂಥ ಯಂತ್ರಗಳನ್ನು ಮಾರಿ ಹೆಸರು ಮಾಡಿತ್ತು. ಪುಟ್ಟ ಕಾರ್ಡ್ ಆರ್ಗನ್ನಿನಲ್ಲಿಯೂ ಅದನ್ನೇ ಮಾಡಬಹುದು: ಮೋಟರು ಮತ್ತು ಫ್ಯಾನನ್ನು ಅದರ ಕವಚದ ಸಮೇತ ಹೊರತೆಗೆದು ಬೇರೆ ಪೆಟ್ಟಿಗೆಯಲ್ಲಿ ಕೂರಿಸಿ, ಬಟ್ಟೆ ಒಣಗಿಸುವ ಯಂತ್ರಕ್ಕೆ ಬಳಸುವ ಅಗಲವಾದ ಕೊಳವೆಯಿಂದ ಎರಡನ್ನೂ ಜೋಡಿಸುವುದು. ಕೊಳವೆ ಕಿರಿದಾದಷ್ಟೂ ಒತ್ತಡ ದಾರಿಯಲ್ಲೇ ಕರಗುತ್ತದೆ, ಗಾಳಿ ಸೀಳಿಕೊಂಡು ಹೋಗುವ ಸದ್ದೂ ಹೆಚ್ಚುತ್ತದೆ. ವಾದ್ಯ ಅಪರೂಪದ್ದಾಗಿದ್ದರೆ ಹೀಗೆ ಬಿಚ್ಚುವುದನ್ನು ನಾನು ಒಪ್ಪುವುದಿಲ್ಲ. ಅಂಥ ವಾದ್ಯಗಳಿಗೆ ಗಾಳಿಯ ಬಾಯಿಗೊಂದು ಮೌನಪೆಟ್ಟಿಗೆ ಸಾಕು: ಒಳಗೆಲ್ಲ ಫೋಮ್ ಅಂಟಿಸಿದ ಮರದ ಡಬ್ಬಿಯಲ್ಲಿ ಅಡ್ಡಹಲಗೆಗಳನ್ನಿಟ್ಟು, ಗಾಳಿ ಎರಡು ಮೂರು ಬಾರಿ ತಿರುಗಿ ಒಳಬರುವಂತೆ ಮಾಡುವುದು. ನೇರವಾಗಿ ಸಾಗುವ ಫ್ಯಾನಿನ ಸಿಳ್ಳು ಆ ತಿರುವುಗಳಲ್ಲಿ ಅಡಗುತ್ತದೆ. ಡಬ್ಬಿಯೊಳಗಿನ ದಾರಿ ಯಾವ ಕಡೆಯೂ ವಾದ್ಯದ ಬಾಯಿಗಿಂತ ಚಿಕ್ಕದಾಗಿರಬಾರದು. ಮೋಟರು ತಣ್ಣಗಿರುವುದೂ ಇದೇ ಗಾಳಿಯಿಂದಾದ್ದರಿಂದ ಬಾಯಿಯನ್ನು ಬಟ್ಟೆಯಿಂದ ಮುಚ್ಚಿ ಮೌನ ಸಾಧಿಸಹೊರಟರೆ ಸುರುಳಿ ಸುಟ್ಟುಹೋಗುತ್ತದೆ.

ಮೈಕಿನ ವಿಷಯದಲ್ಲಿ ಹೇಳಬೇಕಾದ್ದು ಕಡಿಮೆ. ಸ್ವರ ಹೊರಬರುವ ಜಾಲರಿಯನ್ನು ಕಿವಿಯಿಂದಲೇ ಹುಡುಕಿ, ಮೈಕನ್ನು ಅಲ್ಲಿಗೆ ಹತ್ತಿರ ತರಬೇಕು; ಅಂತರ ಅರ್ಧವಾದಾಗ ಸ್ವರ ಸುಮಾರು ಆರು ಡೆಸಿಬೆಲ್ ಏರುತ್ತದೆ, ದೂರದಲ್ಲಿರುವ ಮೋಟರು ಅಷ್ಟು ಏರುವುದಿಲ್ಲ. ಮುಂದಿನಿಂದ ಬರುವ ಸದ್ದನ್ನೇ ಹೆಚ್ಚು ಕೇಳುವ ಕಾರ್ಡಿಯಾಯ್ಡ್ ಮೈಕಿನ ಕಿವುಡು ದಿಕ್ಕು ಅದರ ಬೆನ್ನು, ಮುಂದೆಯೂ ಹಿಂದೆಯೂ ಸಮನಾಗಿ ಕೇಳುವ ಎಂಟರ ಆಕಾರದ ಮೈಕಿನದು ಅದರ ಎರಡು ಪಕ್ಕಗಳು. ಎರಡನೆಯದರ ಕಿವುಡು ಹೆಚ್ಚು ಆಳವಾದದ್ದಾದ್ದರಿಂದ ನನ್ನ ಆಯ್ಕೆ ಅದೇ: ಪಕ್ಕವನ್ನು ಗಾಳಿಯ ಬಾಯಿಗೆ ತಿರುಗಿಸಿ, ಮುಖವನ್ನು ಜಾಲರಿಗೆ ತಿರುಗಿಸುತ್ತೇನೆ. ಮೈಕಿನ ಸ್ಟ್ಯಾಂಡು ಆರ್ಗನ್ ಇರುವ ಮೇಜನ್ನು ಮುಟ್ಟಕೂಡದು. ಪೆಟ್ಟಿಗೆಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಇಲ್ಲಿ ತೀರ ಕೆಟ್ಟ ಆಯ್ಕೆ, ಏಕೆಂದರೆ ಅದು ರೀಡಿನ ಗಾಳಿಯನ್ನು ಬಿಟ್ಟು ಮೋಟರಿನ ಕಂಪನವನ್ನೇ ಆರಿಸಿ ಕೇಳುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಮೋಟರು ಗಾಳಿಯಲ್ಲಿ ಸದ್ದು ಮಾಡುವುದರ ಜೊತೆಗೆ ಸುತ್ತಲೂ ಕಾಂತಕ್ಷೇತ್ರವನ್ನೂ ಹರಡುತ್ತದೆ. ಸುರುಳಿಯಿರುವ ಡೈನಮಿಕ್ ಮೈಕುಗಳೂ ರಿಬ್ಬನ್ ಮೈಕುಗಳೂ ಅದನ್ನು ನೇರವಾಗಿ ಹಿಡಿದು, ಕಿವಿಗೆ ಕೇಳದ ಗುಂಯ್‌ಕಾರವನ್ನು ಮುದ್ರಣಕ್ಕೆ ಸೇರಿಸುತ್ತವೆ. ಹೆಡ್‌ಫೋನ್ ಹಾಕಿಕೊಂಡು, ಮೈಕನ್ನು ಇದ್ದಲ್ಲೇ ನಿಧಾನವಾಗಿ ತಿರುಗಿಸಿದಾಗ ಗುಂಯ್‌ಕಾರ ಒಂದು ಕೋನದಲ್ಲಿ ಥಟ್ಟನೆ ಇಳಿದರೆ ತಪ್ಪು ಕಾಂತಕ್ಷೇತ್ರದ್ದೆಂದು ತಿಳಿಯಬಹುದು. ಟ್ರಾನ್ಸ್‌ಫಾರ್ಮರ್ ಇಲ್ಲದ ಕಂಡೆನ್ಸರ್ ಮೈಕಿಗೆ ಈ ಕಾಟ ಬಹಳ ಕಡಿಮೆ.

ಮುದ್ರಣಕ್ಕೆ ಕೂರುವ ಮೊದಲು ಮೋಟರು ಬಿಸಿಯಾಗಿ ಅದರ ವೇಗ ನೆಲೆನಿಲ್ಲುವ ತನಕ ಓಡಲಿ. ನಂತರ ಯಾವ ಮನೆಯನ್ನೂ ಒತ್ತದೆ ಅರ್ಧ ನಿಮಿಷ ಮೋಟರನ್ನಷ್ಟೇ ಮುದ್ರಿಸಿಕೊಳ್ಳುವುದು ವಾಡಿಕೆ, ಕಂಪ್ಯೂಟರಿಗೆ ಇದೇ ಸದ್ದು ಬೇಡದ್ದು ಎಂದು ತೋರಿಸಿಕೊಡಲು. ಈ ನಮೂನೆಯನ್ನು ಪೂರ್ತಿ ನಂಬಲಾಗದು ಎಂಬುದನ್ನು ಮಾತ್ರ ಹೆಚ್ಚು ಜನ ಗಮನಿಸುವುದಿಲ್ಲ. ವ್ಯಾಕ್ಯೂಮ್ ಕ್ಲೀನರಿನ ಕೊಳವೆಯ ಬಾಯಿಗೆ ಅಂಗೈ ಒತ್ತಿದರೆ ಅದರ ಸದ್ದಿನ ಶ್ರುತಿ ಏರುತ್ತದೆ, ಏಕೆಂದರೆ ಗಾಳಿ ಸಾಗದಿದ್ದಾಗ ಫ್ಯಾನಿಗೆ ಹೊರೆ ಕಡಿಮೆಯಾಗಿ ಅದು ವೇಗವಾಗಿ ತಿರುಗುತ್ತದೆ. ಆರ್ಗನ್ನಿನಲ್ಲಿಯೂ ಮನೆಗಳೆಲ್ಲ ಮುಚ್ಚಿದ್ದಾಗ ಫ್ಯಾನು ವೇಗವಾಗಿಯೂ, ಎರಡು ಮೂರು ಮನೆ ಒತ್ತಿದಾಗ ಒಂದಿಷ್ಟು ನಿಧಾನವಾಗಿಯೂ ತಿರುಗುತ್ತದೆ. ಆದ್ದರಿಂದ ಸುಮ್ಮನಿದ್ದಾಗ ಹಿಡಿದ ನಮೂನೆಯಲ್ಲಿ ಫ್ಯಾನಿನ ಸಿಳ್ಳು ಒಂದು ಆವರ್ತನದಲ್ಲಿರುತ್ತದೆ, ನುಡಿಸುವಾಗ ಇನ್ನೊಂದರಲ್ಲಿ. ವಿದ್ಯುತ್ತಿನ 120, 240, 360 ಮಾತ್ರ ಹೊರೆ ಎಷ್ಟೇ ಇದ್ದರೂ ಕದಲುವುದಿಲ್ಲ. ಇದು ತಿಳಿದಿದ್ದರೆ ತಂತ್ರಾಂಶದ ಕೆಲಸ ಎರಡು ಪಾಲಾಗುತ್ತದೆ. ಕದಲದ ಆವರ್ತನಗಳಿಗೆ ಒಂದು ಆವರ್ತನವನ್ನಷ್ಟೇ ಕತ್ತರಿಸುವ ಕಿರಿದಾದ ನಾಚ್ ಫಿಲ್ಟರುಗಳು ಸರಿ: 120ರಲ್ಲಿ ಕ್ಯೂ ಮೌಲ್ಯ (ಕತ್ತರಿ ಎಷ್ಟು ಕಿರಿದೆಂಬ ಅಳತೆ) 30 ಇಟ್ಟರೆ ಕತ್ತರಿ ಬೀಳುವ ಅಗಲ 4 ಹರ್ಟ್ಸ್ ಮಾತ್ರ. ಒಂದು ಕಟ್ಟೆಯ ಮಂದ್ರ ಷಡ್ಜವಾದ 130.8ಕ್ಕೆ ಅದರಿಂದ ಏನೂ ಆಗದು, ಏಳು ಕಟ್ಟೆಯ 123.5 ಕೂಡ ಒಂದು ಡೆಸಿಬೆಲ್‌ಗಿಂತ ಸ್ವಲ್ಪ ಹೆಚ್ಚು ಕಳೆದುಕೊಳ್ಳುತ್ತದೆ, ಅಷ್ಟೆ. ಮೋಟರಿನ ಸದ್ದು ಯಾವ ಸ್ವರಕ್ಕೂ ಹೊಂದದ ಜಾಗದಲ್ಲಿರುವುದು ಇಲ್ಲಿ ಉಪಕಾರಕ್ಕೇ ಬಂದಿತು.

ಉಳಿದ ಸುಯ್‌ಕಾರಕ್ಕೆ ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿರುವ ನಾಯ್ಸ್ ರಿಡಕ್ಷನ್ ಸಾಕಾಗುತ್ತದೆ, ಆದರೆ ಆರು ಡೆಸಿಬೆಲ್‌ಗಿಂತ ಹೆಚ್ಚು ಬೇಡ ಎಂದು ನನ್ನ ಅಭಿಪ್ರಾಯ. ಹೆಚ್ಚು ಕೇಳಿದರೆ ರೀಡಿನ ಮೇಲಿನ ಅನುಸ್ವರಗಳನ್ನು ತಂತ್ರಾಂಶ ಸುಯ್‌ಕಾರವೆಂದೇ ತಿಳಿದು ಕತ್ತರಿಸಿ, ನೀರಿನಡಿಯಿಂದ ಬಂದಂಥ ಗುಳುಗುಳು ಸದ್ದನ್ನು ಉಳಿಸಿಬಿಡುತ್ತದೆ. ಸ್ವರ ನಿಂತಾಗ ಸದ್ದನ್ನೆಲ್ಲ ಮುಚ್ಚಿಬಿಡುವ ನಾಯ್ಸ್ ಗೇಟನ್ನೂ ನಾನು ಬಳಸುವುದಿಲ್ಲ. ಸ್ವರದ ಜೊತೆಗೆ ಬಂದು ಸ್ವರದ ಜೊತೆಗೇ ಮಾಯವಾಗುವ ಸುಯ್‌ಕಾರಕ್ಕಿಂತ ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿರುವುದನ್ನು ಕಿವಿ ಬೇಗ ಮರೆಯುತ್ತದೆ. ಒಂದರ ಮೇಲೊಂದು ಪದರವಾಗಿ ಆರ್ಗನ್ನನ್ನು ಮುದ್ರಿಸುವವರು ಪದರಗಳು ಇಮ್ಮಡಿಯಾದಾಗಲೆಲ್ಲ ಸುಯ್‌ಕಾರ ಸುಮಾರು ಮೂರು ಡೆಸಿಬೆಲ್ ಏರುವುದೆಂದು ನೆನಪಿಟ್ಟು, ಸಾಧ್ಯವಾದಷ್ಟನ್ನು ಒಂದೇ ಸಲಕ್ಕೆ ನುಡಿಸಿಬಿಡುವುದು ಲೇಸು.

ಸ್ವರವನ್ನು ಹಿಡಿದಿರುವಾಗಲೇ ಸ್ವಿಚ್ಚನ್ನು ಆರಿಸಿದರೆ ಫ್ಯಾನು ನಿಧಾನವಾಗುತ್ತಾ ಹೋದಂತೆ ನಾದವೂ ಸಡಿಲಗೊಂಡು ನಿಲ್ಲುವ ಪರಿಣಾಮವೊಂದಿದೆ, ಹಾಡಿನ ಮುಕ್ತಾಯಕ್ಕೆ ಅದನ್ನು ಬಯಸುವವರಿದ್ದಾರೆ. ಅದನ್ನು ಆ ದಿನದ ಎಲ್ಲ ಮುದ್ರಣಗಳೂ ಮುಗಿದ ಮೇಲೆ ಪ್ರತ್ಯೇಕವಾಗಿ ಹಿಡಿದಿಟ್ಟುಕೊಳ್ಳಬೇಕು, ಏಕೆಂದರೆ ತಣಿದ ಮೋಟರು ಮತ್ತೆ ಬಿಸಿಯಾಗಿ ಅದೇ ವೇಗಕ್ಕೂ ಅದೇ ಶ್ರುತಿಗೂ ಬರುವ ತನಕ ಇನ್ನೊಂದು ಹಾಡನ್ನು ಆರಂಭಿಸಲು ಬರುವುದಿಲ್ಲ.